ನೋಡದ ಸಿನಿಮಾಕ್ಕಾಗಿ ಬಂದ ಕೋಪ



2012ರ ಜುಲೈ. ಕಾಮಿಕ್ಸ್‌ನಿಂದ ತೆರೆಗೆ ಬಂದ ಬ್ಯಾಟ್‌ಮ್ಯಾನ್‌ನ ‘ದ ಡಾರ್ಕ್ ನೈಟ್ ರೈಸಸ್’ ಇನ್ನೂ ಬಿಡುಗಡೆಯಾಗಿರಲಿಲ್ಲ. ಮುಂಚಿತವಾಗಿ ನೋಡಿದ್ದ ಕೆಲವು ವಿಮರ್ಶಕರು ಚಿತ್ರ ಚೆನ್ನಾಗಿಲ್ಲವೆಂದು ಬರೆದರು. ಅಭಿಮಾನಿಗಳು ಕೆರಳಿ ಬೈದರು, ಬೆದರಿಕೆಯನ್ನೂ ಹಾಕಿದರು. ರಾಟನ್ ಟೊಮೇಟೋಸ್ ಎಂಬ ವಿಮರ್ಶೆಗಳ ಜಾಲತಾಣವು ಆ ಚಿತ್ರದ ಪ್ರತಿಕ್ರಿಯೆಗಳನ್ನೇ ನಿಲ್ಲಿಸಬೇಕಾಯಿತು. ಬೈದವರಲ್ಲಿ ಹೆಚ್ಚಿನವರು ಸಿನಿಮಾ ನೋಡಿಯೇ ಇರಲಿಲ್ಲ!

ಹಾಗಾದರೆ ಅವರು ಕಾಪಾಡಲು ಹೊರಟಿದ್ದು ಏನನ್ನು? ಸಿನಿಮಾವನ್ನಲ್ಲ, ‘ನನ್ನದು’ ಎಂಬುದನ್ನು. ಧಮ್ಮ ಇದನ್ನು *ಉಪಾದಾನ* ಎನ್ನುತ್ತದೆ, ಅಂದರೆ ಅಂಟಿಕೊಳ್ಳುವುದು.

ಬ್ರಹ್ಮಜಾಲ ಸುತ್ತದಲ್ಲಿ ಭಗವಾನ್ ಬುದ್ಧರು ಭಿಕ್ಖುಗಳಿಗೆ ತಿಳಿಸುವುದಿಷ್ಟು: ನನ್ನನ್ನಾಗಲಿ, ಧಮ್ಮವನ್ನಾಗಲಿ, ಸಂಘವನ್ನಾಗಲಿ ಯಾರಾದರೂ ತೆಗಳಿದರೆ ಸಿಟ್ಟಾಗಬೇಡಿ. ಸಿಟ್ಟಾದರೆ ಆ ಮಾತು ನಿಜವೋ ಸುಳ್ಳೋ ತಿಳಿಯದು. ಸುಳ್ಳಾಗಿದ್ದರೆ ಬಿಡಿಸಿ ಹೇಳಿ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರೂ ಎಚ್ಚರಿಸಿದರು: ರಾಜಕೀಯದಲ್ಲಿ ಭಕ್ತಿ, ವ್ಯಕ್ತಿಪೂಜೆ ಅಧಃಪತನಕ್ಕೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿ.

ಈ ಎಚ್ಚರ ನಮಗೂ ಬೇಕು. ಬಾಬಾಸಾಹೇಬರ ಪ್ರತಿಮೆಗೆ ಅವಮಾನ ಮಾಡಿದರೆ ಅದು ನಮ್ಮ ಜನರ ಘನತೆಗೆ ಬಿದ್ದ ಏಟು. ಅದನ್ನು ಕಾನೂನಿನ ದಾರಿಯಲ್ಲಿ ಎದುರಿಸಲೇಬೇಕು. ಆದರೆ ಒಬ್ಬ ವಿದ್ಯಾರ್ಥಿ ‘ಬಾಬಾಸಾಹೇಬರು ಹೀಗೇಕೆ ಬರೆದರು? ನನಗೆ ಒಪ್ಪಿಗೆಯಿಲ್ಲ’ ಎಂದರೆ ಅದು ಅವಮಾನವಲ್ಲ, ಓದು. ಅವನ ಬಾಯಿ ಮುಚ್ಚಿಸಿದರೆ ನಾವು ಅನುಯಾಯಿಗಳಾಗುವುದಿಲ್ಲ, ಬರೀ ಅಭಿಮಾನಿಗಳಾಗಿ ಉಳಿಯುತ್ತೇವೆ.

*ಇಂದಿನ ಅಭ್ಯಾಸ:* ಸಿಟ್ಟು ಬರಿಸುವ ಮೆಸೇಜ್ ಬಂದಾಗ, ಉತ್ತರಿಸುವ ಮೊದಲು ಕೇಳಿಕೊಳ್ಳೋಣ: ಇದನ್ನು ನಾನು ಪೂರ್ತಿ ಓದಿದ್ದೇನೆಯೇ?

ಎಲ್ಲರಿಗೂ ಮಂಗಳವಾಗಲಿ.