ಮನೆಯೆಂಬ ಪುಟ್ಟ ಧರ್ಮಸಭೆ

ಮನೆಯೇ ಮೊದಲ ಧರ್ಮಸಭೆ ಎಂಬುದು ಕ್ರೈಸ್ತ ಚಿಂತನೆಯ ಹಳೆಯ ನಿಲುವುಗಳಲ್ಲೊಂದು. ಮಕ್ಕಳನ್ನು ಭಾನುವಾರ ಚರ್ಚಿಗೆ ಕರೆದೊಯ್ಯಬೇಕು, ಮಲಗುವ ಮುನ್ನ ಪ್ರಾರ್ಥನೆ ಹೇಳಿಕೊಡಬೇಕು ಎಂಬಷ್ಟಕ್ಕೆ ಅದು ನಿಲ್ಲುವುದಿಲ್ಲ. ಉಣಿಸುವುದು, ಗದರುವುದು, ಜ್ವರ ಬಂದ ಮಗುವಿನ ಪಕ್ಕ ನಿದ್ದೆಗೆಡುವುದು, ಜಗಳವಾಡಿ ಮತ್ತೆ ಒಂದಾಗುವುದು, ಈ ಕೆಲಸಗಳ ಒಳಗೇ ಕೃಪೆ, ಕ್ಷಮೆ, ತ್ಯಾಗಗಳು ಅನುಭವಕ್ಕೆ ಬರುತ್ತವೆ ಎಂಬುದು ಅದರ ತಿರುಳು. ಹೀಗೆ ಕಲಿಯುವವರಲ್ಲಿ ಹೆತ್ತವರೂ ಸೇರಿದ್ದಾರೆ.

ಇದರ ಬೇರು ಯೆಹೂದಿ ಪರಂಪರೆಯದು. ದೇವರ ಆಜ್ಞೆಗಳನ್ನು ಮನೆಯಲ್ಲಿ ಕೂತಾಗಲೂ ದಾರಿ ನಡೆವಾಗಲೂ ಮಲಗುವಾಗ ಏಳುವಾಗಲೂ ಮಕ್ಕಳೊಡನೆ ಮಾತಾಡಬೇಕೆಂದು ಧರ್ಮೋಪದೇಶಕಾಂಡದ 6ನೇ ಅಧ್ಯಾಯ ವಿಧಿಸುತ್ತದೆ. ಆರಂಭದ ಕ್ರೈಸ್ತರಿಗೆ ಚರ್ಚು ಕಟ್ಟಡಗಳೇ ಇರಲಿಲ್ಲ. ಪ್ರಿಸ್ಕಿಲ್ಲ, ಅಕ್ವಿಲ ದಂಪತಿಯಂಥವರ ಮನೆಗಳಲ್ಲೇ ಸಭೆ ಸೇರುತ್ತಿತ್ತು. ತಿಮೊಥೆಯ ನಂಬಿಕೆಯ ಮೂಲವನ್ನು ಹೇಳುವಾಗ ಅವನಿಗೆ ಬರೆದ ಎರಡನೆಯ ಪತ್ರ ಅಜ್ಜಿ ಲೋವಿ, ತಾಯಿ ಯೂನಿಕೆಯರ ಹೆಸರು ಹಿಡಿಯುತ್ತದೆ.

ಈ ನಿಲುವಿನ ಹಿಂದಿನ ತರ್ಕ ಲೂಕನ ಸುವಾರ್ತೆಯ 11ನೇ ಅಧ್ಯಾಯದಲ್ಲಿದೆ. ಮಗ ಮೀನು ಕೇಳಿದರೆ ಯಾವ ತಂದೆಯೂ ಹಾವು ಕೊಡುವುದಿಲ್ಲ. ಕುಂದುಕೊರತೆಯುಳ್ಳ ಮನುಷ್ಯರೇ ಹೀಗಿದ್ದರೆ ದೇವರು ಇನ್ನೆಷ್ಟು ಕೊಡುವವನು ಎಂದು ಯೇಸು ಕೇಳುತ್ತಾನೆ. ಕಂಡ ಚಿಕ್ಕದರಿಂದ ಕಾಣದ ದೊಡ್ಡದಕ್ಕೆ ಹೋಗುವ ವಾದ ಇದು. ತಂದೆ ದೇವರಂತಿದ್ದಾನೆ ಎಂದು ಇಲ್ಲಿ ಹೇಳಿಲ್ಲ. ಅವನ ಪ್ರೀತಿ ಅರೆಬರೆಯದು ಎಂಬುದನ್ನು ಒಪ್ಪಿಕೊಂಡೇ ವಾದ ಮುಂದುವರಿಯುತ್ತದೆ. ಆದ್ದರಿಂದಲೇ ಅದಕ್ಕೊಂದು ಅಪಾಯವೂ ಇದೆ. ಹೊಡೆತವನ್ನಷ್ಟೇ ಕಂಡ ಮಗುವಿಗೆ ‘ತಂದೆಯಾದ ದೇವರು’ ಎಂಬ ಮಾತು ಭಯವನ್ನೇ ತಂದೀತು. ತಂದೆಯರು ಮಕ್ಕಳನ್ನು ಕೆಣಕಿ ಸಿಟ್ಟೆಬ್ಬಿಸಬಾರದೆಂದು ಎಫೆಸದವರಿಗೆ ಬರೆದ ಪತ್ರ ಎಚ್ಚರಿಸುತ್ತದೆ. ಹೋಲಿಕೆ ತಂದೆಗಷ್ಟೇ ಮೀಸಲೂ ಅಲ್ಲ: ಯೆಶಾಯನ ಗ್ರಂಥದಲ್ಲಿ ದೇವರು ತಾಯಿಯಂತೆ ಸಂತೈಸುತ್ತಾನೆ, ಹೋಶೇಯನ ಗ್ರಂಥದಲ್ಲಿ ತೋಳು ಹಿಡಿದು ಮಗುವಿಗೆ ನಡಿಗೆ ಕಲಿಸುತ್ತಾನೆ.

ಇದನ್ನು ದಿನಬಳಕೆಯ ಕ್ರಮವಾಗಿ ವಿವರಿಸಿದವರಲ್ಲಿ ಮುಖ್ಯನಾದವನು 4ನೇ ಶತಮಾನದ ಅಂತಿಯೋಕ್ಯದ ಯೋಹಾನ ಕ್ರಿಸೊಸ್ತೋಮ. ಮಕ್ಕಳನ್ನು ಬೆಳೆಸುವ ಬಗೆಗಿನ ಅವನ ಪ್ರಬಂಧದ ಸಲಹೆಗಳು ಇಂದಿಗೂ ಹಳತಾಗಿಲ್ಲ. ದಿನದ ಕೆಲಸ ಮುಗಿದ ಮೇಲೆ ತಂದೆ ಕಾಯಿನ ಮತ್ತು ಹೇಬೇಲರ ಕಥೆ ಹೇಳಬೇಕು. ಇನ್ನೊಂದು ಸಂಜೆ ಅದೇ ಕಥೆಯನ್ನು ಮಗುವಿನ ಬಾಯಲ್ಲಿ ಹೇಳಿಸಬೇಕು. ನೀತಿ ಏನೆಂಬುದು ಆಮೇಲಿನ ಮಾತು. ಮುಂದೆ ಅದೇ ಕಥೆಯನ್ನು ಚರ್ಚಿನಲ್ಲಿ ಓದಿದಾಗ, ಉಳಿದವರಿಗೆ ಗೊತ್ತಿಲ್ಲದ್ದು ತನಗೆ ಮೊದಲೇ ಗೊತ್ತಿತ್ತೆಂದು ಮಗು ಹಿಗ್ಗುತ್ತದೆ. ಮಕ್ಕಳ ಸ್ವಭಾವ ಬಲ್ಲವನ ಮಾತು ಇದು, ಬರೆದವನು ಸನ್ಯಾಸಿಯಾಗಿದ್ದರೂ.

ಪ್ರೊಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರ್ 1522ರಲ್ಲಿ ವಿವಾಹ ಜೀವನದ ಬಗ್ಗೆ ಬರೆದ ಕೃತಿಯಲ್ಲಿ ಮಗುವಿನ ಹೊಲಸು ಬಟ್ಟೆ ಒಗೆಯುವ ಗಂಡಸಿನ ಚಿತ್ರವಿದೆ. ಊರವರು ಅವನನ್ನು ನೋಡಿ ನಗುತ್ತಾರೆ. ಅವನು ನಂಬಿಕೆಯಿಂದ ಆ ಕೆಲಸ ಮಾಡುತ್ತಿದ್ದರೆ ದೇವರೂ ದೇವದೂತರೂ ಮೆಚ್ಚಿ ನಗುತ್ತಾರೆ. ಇಲ್ಲಿ ನಿಜವಾಗಿ ಹೊಸದಾದ ವಿಚಾರವೊಂದಿದೆ. ಮಠದ ಬದುಕೇ ಮೇಲು, ಸಂಸಾರ ಕೀಳು ಎಂಬ ಶ್ರೇಣಿಯನ್ನು ಲೂಥರ್ ಒಂದು ತೊಟ್ಟಿ ನೀರಿನ ಬಳಿ ನಿಂತು ಮುರಿದ. ಆಗಿನ್ನೂ ಅವನಿಗೆ ಮದುವೆಯಾಗಿರಲಿಲ್ಲ ಎಂಬುದೂ ನೆನಪಿಡತಕ್ಕದ್ದು. ಕತರೀನಾಳ ಕೈಹಿಡಿದದ್ದು 1525ರಲ್ಲಿ. ಮನೆಯ ಯಜಮಾನ ಮನೆಮಂದಿಗೆ ಕಲಿಸಲೆಂದು ಅವನು ಕಿರು ಧರ್ಮಬೋಧೆಯನ್ನು ಹೊರತಂದದ್ದು 1529ರಲ್ಲಿ, ತಾನೂ ತಂದೆಯಾದ ಮೇಲೆ. ಕೆಥೋಲಿಕರಲ್ಲಿ 2ನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಮನೆಯ ಧರ್ಮಸಭೆ ಎಂದು ಕರೆದು ಹಳೆಯ ಪರಿಭಾಷೆಗೆ ಮತ್ತೆ ಜೀವ ಕೊಟ್ಟಿತು.

ಮಂಗಳೂರು ಸೀಮೆಯ ಕೊಂಕಣಿ ಕೆಥೋಲಿಕರ ಮನೆಗಳಲ್ಲಿ ಈ ತತ್ತ್ವ ಯಾವ ಗ್ರಂಥದ ನೆರವೂ ಇಲ್ಲದೆ ಉಳಿದು ಬಂದಿದೆ. ಸಂಜೆ ಮನೆಯವರೆಲ್ಲ ಸೇರಿ ತೇರ್ಸ್ ಅಂದರೆ ಜಪಸರದ ಪ್ರಾರ್ಥನೆ ಹೇಳುತ್ತಾರೆ. ಮುಗಿದ ಮೇಲೆ ಕಿರಿಯರು ಹಿರಿಯರ ಬಳಿ ಬೆಸಾಂವ್, ಆಶೀರ್ವಾದ, ಬೇಡುತ್ತಾರೆ. ಹಗಲೆಲ್ಲ ಮುನಿಸಿಕೊಂಡ ಮಗನೂ ಆ ಹೊತ್ತಿಗೆ ಅಪ್ಪನೆದುರು ಕೈ ಜೋಡಿಸಬೇಕು, ಅಪ್ಪನೂ ಹರಸಬೇಕು. ರಾಜಿಗೆ ಬೇರೆ ಮಾತು ಬೇಕಾಗುವುದಿಲ್ಲ.

ಆದರೆ ಕುಟುಂಬವನ್ನೇ ದೇವರ ಸ್ಥಾನಕ್ಕೇರಿಸಲು ಸುವಾರ್ತೆ ಒಪ್ಪುವುದಿಲ್ಲ. ತಾಯಿಯೂ ತಮ್ಮಂದಿರೂ ಹುಡುಕಿಕೊಂಡು ಬಂದಾಗ, ದೇವರ ಚಿತ್ತದಂತೆ ನಡೆಯುವವರೇ ತನ್ನ ತಾಯಿ, ಸೋದರರು ಎಂದು ಯೇಸು ಹೇಳಿದ್ದನ್ನು ಮಾರ್ಕನು ದಾಖಲಿಸಿದ್ದಾನೆ. ಮಕ್ಕಳು ಹೆತ್ತವರ ಸೊತ್ತಲ್ಲ ಎಂಬ ತಿಳಿವಳಿಕೆ ಇಲ್ಲಿಂದ ಹುಟ್ಟುತ್ತದೆ, ಪಾಲಿಸಲು ಅತ್ಯಂತ ಕಷ್ಟದ್ದೂ ಇದೇ. ತಪ್ಪಿಹೋದ ಮಗನ ಸಾಮತಿಯ ತಂದೆ ಕೇಳಿದ ಪಾಲು ಕೊಟ್ಟು ಮಗನನ್ನು ಹೋಗಬಿಡುತ್ತಾನೆ, ತಡೆಯುವುದಿಲ್ಲ. ಮರಳಿದಾಗ ದೂರದಿಂದಲೇ ಕಂಡು ಓಡುತ್ತಾನೆ. ಮುಂದೆ ದೊಡ್ಡ ಕ್ರೈಸ್ತ ಚಿಂತಕನಾದ ಆಗಸ್ಟೀನನ ತಾಯಿ ಮೋನಿಕಾಳಿಗೂ ದಾರಿತಪ್ಪಿದ ಮಗನಿಗಾಗಿ ವರ್ಷಗಟ್ಟಲೆ ಅಳುತ್ತ ಪ್ರಾರ್ಥಿಸಬೇಕಾಗಿ ಬಂತು. ಅವಳಿಂದ ತಪ್ಪಿಸಿಕೊಳ್ಳಲು ಅವನು ಸುಳ್ಳು ಹೇಳಿ ರೋಮಿಗೆ ಹಡಗು ಹತ್ತಿದ್ದ. ಅವಳು ಹಿಂದೆಯೇ ಇಟಲಿಗೆ ಹೋದಳು. 387ರಲ್ಲಿ ಮಿಲಾನಿನಲ್ಲಿ ಅವನ ದೀಕ್ಷಾಸ್ನಾನ ನಡೆಯಿತು, ಅದೇ ವರ್ಷ ಅವಳು ತೀರಿಕೊಂಡಳು. ಮಗನನ್ನು ತಿರುಗಿಸಿದ್ದು ತಾಯಿಯ ಒತ್ತಾಯವೋ, ಬಿಷಪ್ ಅಂಬ್ರೋಸನ ಪ್ರಸಂಗಗಳೋ, ಅವನದೇ ಹುಡುಕಾಟವೋ ಎಂದರೆ ಆಗಸ್ಟೀನನು ಅವೆಲ್ಲವನ್ನೂ ವಿವರವಾಗಿ ಬರೆದು, ಕೊನೆಗೆ ಎಲ್ಲವನ್ನೂ ಕೃಪೆಯ ಲೆಕ್ಕಕ್ಕೇ ಹಾಕುತ್ತಾನೆ.