ಕಾಣದ ತೈಲ ಮತ್ತು ಅನುಮಾನ ಪ್ರಮಾಣ

ನೆಲದಡಿ ಎರಡು ಮೂರು ಸಾವಿರ ಮೀಟರ್ ಆಳದಲ್ಲಿ ತೈಲವಿದೆಯೆಂದು ಹೇಳುವವರು ಆ ತೈಲವನ್ನು ಕಂಡಿರುವುದಿಲ್ಲ. ಕೊರೆದ ಬಾವಿಗೆ ಕೇಬಲ್ಲಿನಲ್ಲಿ ಉಪಕರಣ ಇಳಿಸಿ, ಮೇಲಕ್ಕೆಳೆಯುತ್ತ ಬಂಡೆಯ ವಿದ್ಯುತ್ ರೋಧ, ಗಾಮಾ ವಿಕಿರಣ, ಸಾಂದ್ರತೆಗಳನ್ನು ಅಳೆದು ಗೆರೆಗಳಾಗಿ ದಾಖಲಿಸುತ್ತಾರೆ. ಇದೇ ವೆಲ್ ಲಾಗ್. ಗೆರೆಯಿಂದ ತೈಲವನ್ನು ಅರಿಯುವುದು ನ್ಯಾಯದರ್ಶನ ಹೇಳುವ ಅನುಮಾನ: ಕಂಡ ಹೇತುವಿನಿಂದ ಕಾಣದ ಸಾಧ್ಯವನ್ನು ತಿಳಿಯುವುದು. ಬೆಟ್ಟದ ಹೊಗೆ ಕಂಡು ಬೆಂಕಿಯಿದೆಯೆನ್ನುವುದು ಅದರ ಹಳೆಯ ಉದಾಹರಣೆ. ಹೀಗೆ ತಿಳಿದದ್ದು ಜ್ಞಾನವೇ, ಬರೀ ಊಹೆಯೇ?

ಮೊದಲ ವಿದ್ಯುತ್ ಲಾಗ್ ದೊರೆತದ್ದು 1927ರ ಸೆಪ್ಟೆಂಬರ್ 5ರಂದು, ಫ್ರಾನ್ಸಿನ ಅಲ್ಸೇಸ್ ಪ್ರಾಂತದ ಪೆಶೆಲ್‌ಬ್ರಾನ್‌ನಲ್ಲಿ, ಶ್ಲಂಬರ್ಜೆ ಸಹೋದರರ ತಂಡಕ್ಕೆ. ಉಪ್ಪುನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ತೈಲದಲ್ಲಿ ಹರಿಯುವುದಿಲ್ಲ. ಹಾಗಾಗಿ ರೋಧ ಏರಿದಲ್ಲಿ ತೈಲವಿದ್ದೀತು. 1942ರಲ್ಲಿ ಆರ್ಚಿ ಎಂಬ ಸಂಶೋಧಕರು ಈ ಸಂಬಂಧಕ್ಕೆ ಸೂತ್ರ ಕೊಟ್ಟರು. ಮರಳುಗಲ್ಲಿನ ತುಂಡುಗಳಲ್ಲಿ ಉಪ್ಪುನೀರು ತುಂಬಿ ಪ್ರಯೋಗಾಲಯದಲ್ಲಿ ಅಳೆದದ್ದು ಅದಕ್ಕೆ ಆಧಾರ. ಹೇತು ಸಾಧ್ಯಗಳ ತಪ್ಪದ ನಂಟಾದ ವ್ಯಾಪ್ತಿ ಇಲ್ಲಿಯೂ ಪ್ರತ್ಯಕ್ಷದಿಂದಲೇ ಬಂದಿದೆ.

ಕೆಲವೆಡೆ ಕಂಡ ನಂಟು ಎಲ್ಲೆಡೆಯೂ ಇದೆಯೆಂದು ಹೇಳುವುದು ಹೇಗೆ ಎಂಬುದು ಅನುಮಾನವನ್ನು ಪ್ರಮಾಣವೆಂದು ಒಪ್ಪದ ಚಾರ್ವಾಕರ ಆಕ್ಷೇಪ. ಅದನ್ನು ತಳ್ಳಿಹಾಕುವಂತಿಲ್ಲ. ಸಿಹಿನೀರು ತುಂಬಿದ ಬಂಡೆಯೂ ಹೆಚ್ಚು ರೋಧ ತೋರುತ್ತದೆ, ರಂಧ್ರವೇ ಇಲ್ಲದ ಗಟ್ಟಿ ಸುಣ್ಣಕಲ್ಲೂ ತೋರುತ್ತದೆ. ಸಾಧ್ಯವಿಲ್ಲದ ಕಡೆಯೂ ಕಾಣುವ ಇಂಥ ಹೇತುವನ್ನು ನೈಯಾಯಿಕರು ಸವ್ಯಭಿಚಾರವೆಂದು ಕರೆದು ದೋಷಗಳಲ್ಲಿ ಎಣಿಸಿದರು. ಜೇಡಿ ಬೆರೆತ ಮರಳುಗಲ್ಲಿನ ಪಾಡು ಬೇರೆ: ಜೇಡಿಯೇ ವಿದ್ಯುತ್ತನ್ನು ಹರಿಸುವುದರಿಂದ ತೈಲವಿದ್ದೂ ರೋಧ ಏರುವುದಿಲ್ಲ. ಕಾದ ಕಬ್ಬಿಣದಲ್ಲಿ ಹೊಗೆಯಿಲ್ಲದೆ ಬೆಂಕಿಯಿರುವ ಪ್ರಸಂಗವಿದು. ಇದರಿಂದ ವ್ಯಾಪ್ತಿ ಮುರಿಯದು. ಗುರುತಿಲ್ಲವೆಂದು ತೈಲವಿಲ್ಲ ಎನ್ನುವುದು ಮಾತ್ರ ತಪ್ಪು.

ಪರಿಹಾರ ಹೇತುವನ್ನು ಬಿಗಿಗೊಳಿಸುವುದರಲ್ಲಿದೆ. ಗಾಮಾ ಗೆರೆ ತಗ್ಗಿದ್ದರೆ ಸಾಮಾನ್ಯವಾಗಿ ಜೇಡಿ ಕಡಿಮೆ. ಸಾಂದ್ರತೆಯ ಗೆರೆ ಮತ್ತು ಹೈಡ್ರೋಜನ್‌ಗೆ ಸ್ಪಂದಿಸುವ ನ್ಯೂಟ್ರಾನ್ ಗೆರೆ ರಂಧ್ರಗಳ ಪ್ರಮಾಣ ತಿಳಿಸುತ್ತವೆ. ಅನಿಲವಿರುವ ಕಡೆ ಇವೆರಡೂ ಒಂದನ್ನೊಂದು ದಾಟುವುದನ್ನು ಕಾಗದದ ಮೇಲೆ ಕಣ್ಣಾರೆ ನೋಡಬಹುದು: ಅನಿಲ ಹಗುರವಾದ್ದರಿಂದ ಸಾಂದ್ರತೆಯ ಗೆರೆ ರಂಧ್ರ ಹೆಚ್ಚೆನ್ನುತ್ತದೆ, ಹೈಡ್ರೋಜನ್ ವಿರಳವಾದ್ದರಿಂದ ನ್ಯೂಟ್ರಾನ್ ಗೆರೆ ಕಡಿಮೆಯೆನ್ನುತ್ತದೆ. ಬೇರೆ ಬೇರೆ ಭೌತಿಕ ಕಾರಣಗಳಿಂದ ಹುಟ್ಟಿದ ಗುರುತುಗಳು ಒಂದೇ ನಿರ್ಣಯಕ್ಕೆ ಬಂದಾಗ ಅದನ್ನು ಜ್ಞಾನವೆನ್ನಲು ಅಡ್ಡಿಯಿಲ್ಲ.

ಆದರೆ ಎಷ್ಟು ತೈಲ ಎಂಬ ಪ್ರಶ್ನೆಗೆ ಆ ಭರವಸೆ ಸಲ್ಲದು. ಆರ್ಚಿ ಸೂತ್ರದ ಘಾತಾಂಕಗಳನ್ನು ವಾಡಿಕೆಯಲ್ಲಿ 2 ಎಂದು ಹಿಡಿಯುತ್ತಾರೆ. ಬಂಡೆ ಬದಲಾದರೆ ಅವೂ ಬದಲಾಗುತ್ತವೆ. ಬಾವಿಯಿಂದ ಬಂಡೆಯ ತುಂಡನ್ನು (ಕೋರ್) ತೆಗೆದು ಅಳೆದಾಗಲೇ ಅವು ಖಚಿತ. ತೈಲ ಹರಿದು ಬರುತ್ತದೆಯೇ ಎಂಬುದನ್ನಂತೂ ಬಾವಿಯ ಹರಿವಿನ ಪರೀಕ್ಷೆಯೇ ತೀರ್ಮಾನಿಸುತ್ತದೆ.