ಹಾಗಾದರೆ ನಾವು ಯಾವ ಕ್ಲಾಸು?

2021ರ ಜನವರಿ ಮೊದಲ ದಿನ. ಒಂಬತ್ತೂವರೆ ತಿಂಗಳ ಮೇಲೆ ನಮ್ಮ ಶಾಲೆಯ ಅಂಗಳದಲ್ಲಿ ಮತ್ತೆ ಮಕ್ಕಳ ಸದ್ದು ಕೇಳಿತ್ತು. ‘ವಿದ್ಯಾಗಮ’ದ ಹೆಸರಿನಲ್ಲಿ ಆರರಿಂದ ಒಂಬತ್ತನೆಯ ತರಗತಿಯವರು ಸಣ್ಣ ಗುಂಪುಗಳಲ್ಲಿ ಶಾಲೆಗೆ ಬರಬಹುದೆಂದು ಸರ್ಕಾರ ಹೇಳಿತ್ತು. ಏಳನೆಯ ತರಗತಿಯವರನ್ನು ದೂರ ದೂರ ಕೂರಿಸಿ, ಮಾಸ್ಕಿನ ಮೇಲೆ ಕಾಣುವ ಕಣ್ಣುಗಳಿಂದಲೇ ಯಾರು ಯಾರೆಂದು ಗುರುತು ಹಿಡಿಯಲು ನೋಡುತ್ತಿದ್ದೆ. ಕೆಲವರು ಒಂದು ಗೇಣು ಬೆಳೆದಿದ್ದರು. ಮುಂದಿನ ಸಾಲಿನ ಮೂವರು ವಾಟ್ಸ್‌ಆ್ಯಪ್‌ನಲ್ಲಿ ನಡೆದ ಯಾವುದೋ ತಮಾಷೆ ನೆನೆದು ನಗುತ್ತಿದ್ದರು. ‘ಏಳನೇ ಕ್ಲಾಸಲ್ಲಿ ಹಾಕಿದ್ರಲ್ಲಾ ಟೀಚರ್, ಆ ಫೋಟೊ’ ಎಂದ ಒಬ್ಬ. ‘ಏಳನೇ ಕ್ಲಾಸು’ ಎಂದರೆ ನಾನು ಮಾಡಿದ್ದ ಗುಂಪಿನ ಹೆಸರು.

ಕಿಟಕಿಯ ಪಕ್ಕ ಕೂತಿದ್ದ ಹುಡುಗಿಯೊಬ್ಬಳು, ಕಾಫಿ ತೋಟದ ಲೈನ್ ಮನೆಯಿಂದ ಬರುವವಳು, ಸಿಟ್ಟಿಲ್ಲದೆ, ನಿಜಕ್ಕೂ ತಿಳಿಯಬೇಕು ಎಂಬಂತೆ ಕೇಳಿದಳು: ‘ಅದರ ಹೆಸರು ಏಳನೇ ಕ್ಲಾಸಾ ಟೀಚರ್? ಹಾಗಾದರೆ ನಾವು ಯಾವ ಕ್ಲಾಸು?’

‘ನೀವೂ ಏಳನೇ ಕ್ಲಾಸೇ’ ಎಂದೆ. ಅದು ಉತ್ತರವಲ್ಲ ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಾಗಿರಬೇಕು. ಆ ಉತ್ತರವನ್ನು ತಿದ್ದಿಕೊಳ್ಳಲು ಇಷ್ಟು ವರ್ಷದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಹುದಿಕೇರಿ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ದಕ್ಷಿಣ ಕೊಡಗಿನಲ್ಲಿ, ಪೊನ್ನಂಪೇಟೆ ದಾಟಿ ಕುಟ್ಟದ ಕಡೆ ಹೊರಟರೆ ಸಿಗುವ ಊರು ಹುದಿಕೇರಿ. ಕುಟ್ಟ ದಾಟಿದರೆ ಕೇರಳದ ವಯನಾಡು. ಸುತ್ತ ಕಾಫಿ, ಕಾಳುಮೆಣಸು, ತಗ್ಗಿನಲ್ಲಿ ಭತ್ತದ ಗದ್ದೆ. ಅನುಕೂಲಸ್ಥರ ಮಕ್ಕಳು ಬೆಳಗ್ಗೆಯೇ ಇಂಗ್ಲಿಷ್ ಶಾಲೆಯ ಬಸ್ಸು ಹತ್ತಿ ಹೋಗುತ್ತಾರೆ. ನಮ್ಮಲ್ಲಿಗೆ ಬರುವವರು ಸಣ್ಣ ಬೆಳೆಗಾರರ, ಚಿಕ್ಕ ಅಂಗಡಿಯವರ, ಲೈನ್ ಮನೆಗಳ ಮಕ್ಕಳು. ಮನೆಯಲ್ಲಿ ಒಬ್ಬರದು ಕೊಡವ ತಕ್ಕ್, ಒಬ್ಬರದು ಮಲಯಾಳ, ಒಬ್ಬರದು ಯರವ ಭಾಷೆ. ಈಚೆಗೆ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರದು ಇನ್ನೊಂದು. ಶಾಲೆಯ ಕನ್ನಡ ಇವರೆಲ್ಲರೂ ಬಂದು ಕೂರುವ ಜಗಲಿ.

2020ರ ಮಾರ್ಚ್ ಮಧ್ಯದಲ್ಲಿ ಶಾಲೆ ಮುಚ್ಚಿತು. ಜುಲೈಯಲ್ಲಿ ನಾನು ಗುಂಪು ಮಾಡಿದೆ. ತರಗತಿಯಲ್ಲಿದ್ದವರು 26 ಮಕ್ಕಳು. ಗುಂಪಿಗೆ ಸೇರಿದವರು 11. ಉಳಿದ 15 ಮಕ್ಕಳಲ್ಲಿ ಕೆಲವರ ಮನೆಯಲ್ಲಿ ಗುಂಡಿ ಒತ್ತುವ ಫೋನು, ಕೆಲವರಲ್ಲಿ ಅದೂ ಇಲ್ಲ. ಒಬ್ಬಳ ಮನೆಯಲ್ಲಿ ದೊಡ್ಡ ಫೋನೇ ಇತ್ತು, ಆದರೆ ಅದು ಬೆಳಗ್ಗೆ ಅಪ್ಪನ ಜೇಬಿನಲ್ಲಿ ತೋಟಕ್ಕೆ ಹೋಗಿ ಸಂಜೆ ಬರುತ್ತಿತ್ತು. ಮೇಲೆ ನಮ್ಮ ಮಳೆ. ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಸುಮ್ಮನಾಗುತ್ತದೆ. ಇದು ನಮ್ಮೊಬ್ಬರ ಕಥೆಯೇನಲ್ಲ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳ ಮನೆಗಳಲ್ಲಿ ಇಂಟರ್ನೆಟ್ ಸೌಲಭ್ಯವಿದ್ದದ್ದು ಶೇ. 15ರಷ್ಟರಲ್ಲಿ ಮಾತ್ರ.

ಹನ್ನೊಂದು ಜನಕ್ಕೆ ಪಾಠ ಕಳಿಸುವುದು ಸರಿಯೇ ಎಂಬ ಪ್ರಶ್ನೆ ಆಗ ನನಗೆ ಬಂದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಡೀ ರಾಜ್ಯವೇ ಅದನ್ನು ಚರ್ಚಿಸುತ್ತಿತ್ತು. ಜೂನ್‌ನಲ್ಲಿ ಸರ್ಕಾರ ಕೆಳಗಿನ ತರಗತಿಗಳಿಗೆ ಆನ್‌ಲೈನ್ ಪಾಠವನ್ನೇ ನಿಷೇಧಿಸಿತು. ಏಳನೆಯ ತರಗತಿಯವರೆಗೂ ಅದನ್ನು ವಿಸ್ತರಿಸುವ ಮಾತು ಸಚಿವ ಸಂಪುಟದಲ್ಲಿ ಬಂತು. ಎಳೆಯ ಮಕ್ಕಳನ್ನು ಪರದೆಯ ಮುಂದೆ ಕೂರಿಸಬಾರದು ಎಂಬುದು ಒಂದು ಕಾರಣ, ಫೋನಿಲ್ಲದ ಮಕ್ಕಳ ಗತಿಯೇನು ಎಂಬುದು ಇನ್ನೊಂದು. ಜುಲೈ 8ರಂದು ಹೈಕೋರ್ಟ್ ಆ ಆದೇಶಗಳಿಗೆ ತಡೆ ಕೊಟ್ಟಿತು. ಮೇಲ್ನೋಟಕ್ಕೆ ಅವು ಸಂವಿಧಾನದ 21 ಮತ್ತು 21ಎ ವಿಧಿಗಳು ಕೊಟ್ಟ ಹಕ್ಕುಗಳಿಗೆ ಧಕ್ಕೆ ತರುತ್ತವೆ ಎಂಬುದು ಅದರ ಅಭಿಪ್ರಾಯ.

ತತ್ವಶಾಸ್ತ್ರ ಓದಿದವರಿಗೆ ಈ ಜಗಳ ಪರಿಚಿತ. ಸಮಾನತೆಯೇ ಪರಮ ಎನ್ನುವವರಿಗೆ ಬ್ರಿಟಿಷ್ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ ಒಂದು ತೊಡಕಿನ ಪ್ರಶ್ನೆಯನ್ನು ಎದುರಿಗಿಟ್ಟರು. ಕೆಲವರಿಗೆ ಕಣ್ಣಿಲ್ಲ, ಕೆಲವರಿಗೆ ಇದೆ ಎಂದುಕೊಳ್ಳಿ. ಇದ್ದವರ ಕಣ್ಣನ್ನೂ ಕಿತ್ತರೆ ಎಲ್ಲರೂ ಸಮಾನರಾಗುತ್ತಾರೆ. ಆದರೆ ಅದರಿಂದ ಯಾರಿಗೆ ಏನು ಒಳ್ಳೆಯದಾಯಿತು? ಮೇಲಿದ್ದವರನ್ನು ಕೆಳಕ್ಕಿಳಿಸಿ ಸಮ ಮಾಡುವುದರಲ್ಲಿ ಒಂದಿಷ್ಟಾದರೂ ಒಳಿತಿದೆ ಎನ್ನಲು ಸಾಧ್ಯವೇ?

ಈ ವಾದಕ್ಕೆ ನಾನು ಸೋತಿದ್ದೆ, ಇಂದಿಗೂ ಅರ್ಧ ಸೋತೇ ಇದ್ದೇನೆ. ಹನ್ನೊಂದು ಮಕ್ಕಳಿಗೆ ಭಿನ್ನರಾಶಿ ಕಲಿಸದಿದ್ದರೆ ಉಳಿದ ಹದಿನೈದು ಮಕ್ಕಳಿಗೆ ಭಿನ್ನರಾಶಿ ಬಂದುಬಿಡುವುದಿಲ್ಲ. ಒಬ್ಬ ತಂದೆ ಮನೆಯಲ್ಲಿಟ್ಟಿದ್ದ ಕಾಳುಮೆಣಸು ಮಾರಿ ಮಗಳಿಗೆ ಫೋನ್ ತಂದಿದ್ದರು. ಬೇರೆಯವರಿಗೆ ಇಲ್ಲ, ಆದ್ದರಿಂದ ನಿಮ್ಮ ಮಗಳಿಗೂ ಇಲ್ಲ ಎಂದು ಅವರಿಗೆ ಯಾವ ಬಾಯಲ್ಲಿ ಹೇಳಲಿ?

ಹಾಗಾಗಿ ಸಿಗುವವರಿಗೆ ಕಲಿಸುತ್ತ ಹೋದೆ. ಆಗಸ್ಟಿನಲ್ಲಿ ವಿದ್ಯಾಗಮ ಶುರುವಾಯಿತು. ಮಕ್ಕಳು ಶಾಲೆಗೆ ಬರುವ ಬದಲು ನಾವೇ ಅವರಿದ್ದಲ್ಲಿಗೆ ಹೋಗಬೇಕು. ಯಾರ ಮನೆಯಲ್ಲಿ ಯಾವ ಸಾಧನವಿದೆ ಎಂದು ನೋಡಿ ಮಕ್ಕಳನ್ನು ಗುಂಪು ಮಾಡಿದೆವು. ಫೋನಿಲ್ಲದವರಿಗೆ ಲೈನ್ ಮನೆಯ ಜಗಲಿಯಲ್ಲಿ, ತೊಯ್ದ ಕೊಡೆಗಳನ್ನು ಸಾಲಾಗಿ ಒರಗಿಸಿಟ್ಟು ಪಾಠ. ಅಕ್ಟೋಬರ್‌ನಲ್ಲಿ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗಲುತ್ತಿರುವ ಸುದ್ದಿಗಳು ಬಂದು ಅದೂ ನಿಂತಿತು. ಆ ಎರಡು ತಿಂಗಳು ನಾನು ನಿಜವಾಗಿ ಎರಡು ತರಗತಿ ನಡೆಸುತ್ತಿದ್ದೆ. ಹೆಸರಿದ್ದದ್ದು ಮಾತ್ರ ಒಂದಕ್ಕೆ.

ಹುಡುಗಿಯ ಪ್ರಶ್ನೆ ಬಂದದ್ದು ಇಲ್ಲಿಂದ. ಗಮನಿಸಿ, ‘ನಮಗೆ ಯಾಕೆ ಪಾಠ ಮಾಡಲಿಲ್ಲ’ ಎಂದು ಅವಳು ಕೇಳಲಿಲ್ಲ. ಹಾಗೆ ಕೇಳಿದ್ದರೆ ಟವರು, ಮಳೆ, ಸರ್ಕಾರ ಎಂದು ನನ್ನ ಬಳಿ ಬೇಕಾದಷ್ಟು ಉತ್ತರಗಳಿದ್ದವು. ನಾವು ಯಾವ ಕ್ಲಾಸು ಎಂದು ಕೇಳಿದಳು. ಪಾರ್ಫಿಟ್ ಅವರ ವಾದವನ್ನು ಮನಸ್ಸಿನಲ್ಲಿ ಎಷ್ಟು ಸಲ ತಿರುವಿ ಹಾಕಿದರೂ ಇದಕ್ಕೆ ಉತ್ತರ ಸಿಗಲಿಲ್ಲ. ಆ ವಾದ ಹಂಚಬಹುದಾದ ವಸ್ತುಗಳ ಬಗ್ಗೆ ಇದೆ ಎಂದು ಆಮೇಲೆ ಹೊಳೆಯಿತು. ಪಾಠವನ್ನು ಹಂಚಬಹುದು. ನನಗೆ ಸಿಕ್ಕದಿದ್ದರೂ ನಿಮಗೆ ಸಿಕ್ಕಿದ್ದು ನಿಮ್ಮ ಬಳಿ ಪೂರ್ತಿಯಾಗಿಯೇ ಇರುತ್ತದೆ. ತರಗತಿ ಹಾಗಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕೊಡಲು ಅಲ್ಲಿ ಏನೂ ಇಲ್ಲ. ಎಲ್ಲರೂ ಇದ್ದರೆ ಅದು ಇದೆ, ಇಲ್ಲದಿದ್ದರೆ ಅದು ಬೇರೆ ಏನೋ. ನಮ್ಮ ಕಡೆಯವರಿಗೆ ಇದನ್ನು ಹೀಗೆ ಹೇಳಬಹುದು: ಅಕ್ಕಿ ಅಂಗಡಿಯಲ್ಲಿ ಸಿಗುತ್ತದೆ, ಪುತ್ತರಿ ಅಂಗಡಿಯಲ್ಲಿ ಸಿಗುವುದಿಲ್ಲ. ಹೊಸ ಕದಿರು ತರಲು ಮನೆತನದವರೆಲ್ಲ ಐನ್‌ಮನೆಗೆ ಬಂದು ಸೇರಬೇಕು.

ಪುತ್ತರಿಗೆ ಐನ್‌ಮನೆ ಇದೆ. ಲೈನ್ ಮನೆಯ ಮಗುವಿಗೆ ಅಂಥ ಮನೆ ಯಾವುದು? ತೋಟದ ಯಜಮಾನ ಬದಲಾದರೆ, ಕೆಲಸ ಮುಗಿದರೆ ಅದರ ಮನೆಯೂ ಬದಲಾಗುತ್ತದೆ. ಊರಿನ ಹಬ್ಬದಲ್ಲಿ ಅದು ಅಂಚಿನಲ್ಲಿ ನಿಂತು ನೋಡುತ್ತದೆ. ಬೆಳೆಗಾರರ ಮಗುವೂ ತೋಟದ ಆಳಿನ ಮಗುವೂ ಒಂದೇ ಸಾಲಿನಲ್ಲಿ ತಟ್ಟೆ ಇಟ್ಟುಕೊಂಡು ಕೂರುವ ಅಂಗಳ ನಮ್ಮಲ್ಲಿ ಶಾಲೆಯದೊಂದೇ. ಶಾಲೆ ಮುಚ್ಚಿದಾಗ ಬಿಸಿಯೂಟದ ಬದಲು ಅಕ್ಕಿ, ಬೇಳೆಯನ್ನು ಮನೆಗೆ ಕೊಟ್ಟೆವು. ಅದು ಬೇಕೇಬೇಕಿತ್ತು. ಆದರೆ ಸಾಲನ್ನು ಚೀಲದಲ್ಲಿ ಕಟ್ಟಿ ಕೊಡುವ ಉಪಾಯ ಯಾರಲ್ಲೂ ಇರಲಿಲ್ಲ.

ಸಾಲು ಹೋಗಿದ್ದರಿಂದ ಏನು ನಷ್ಟವಾಯಿತು ಎಂದು ಕೇಳುವವರಿಗೆ ಒಬ್ಬ ಹುಡುಗನ ವಿಷಯ ಹೇಳಬೇಕು. ಆ ಜನವರಿಯಲ್ಲಿ ಅವನು ಶಾಲೆಗೆ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ಜಗಲಿಯ ಪಾಠಕ್ಕೆ ಬಂದಿದ್ದ, ನಾನೇ ನೋಡಿದ್ದೆ. ವಿಚಾರಿಸಿದರೆ ಮನೆಯವರು ಬೇರೆ ತೋಟಕ್ಕೆ ಹೋದರು ಎಂದು ಒಬ್ಬರು, ಅಪ್ಪನ ಜೊತೆ ಕಾಫಿ ಕೊಯ್ಯುತ್ತಿದ್ದಾನೆ ಎಂದು ಇನ್ನೊಬ್ಬರು. ಕೊಟ್ಟಿದ್ದ ನಂಬರು ಸ್ವಿಚ್ ಆಫ್. ಟಿ.ಸಿ. ಒಯ್ದಿಲ್ಲ. ಅವನು ಯಾವಾಗ ಹೋದ? ಗೊತ್ತಿಲ್ಲ. ಅಕ್ಟೋಬರ್ ಮತ್ತು ಡಿಸೆಂಬರ್ ನಡುವೆ ಒಂದು ದಿನ ಒಬ್ಬ ವಿದ್ಯಾರ್ಥಿ ಇಲ್ಲವಾದ, ಅದು ಅವನ ತರಗತಿಯ ಗಮನಕ್ಕೇ ಬರಲಿಲ್ಲ.

ಶಾಲೆ ನಡೆಯುತ್ತಿದ್ದ ದಿನಗಳಲ್ಲಿ ಇದು ಸಾಧ್ಯವೇ ಇರಲಿಲ್ಲ. ಹಾಜರಿ ಕರೆಯುವಾಗ ಒಂದು ಹೆಸರಿಗೆ ಉತ್ತರ ಬರದಿದ್ದರೆ ನಾಲ್ಕು ದನಿ ಒಟ್ಟಿಗೆ ಏಳುತ್ತಿತ್ತು: ‘ಜ್ವರ ಟೀಚರ್’, ‘ಅಜ್ಜಿ ಮನೆಗೆ ಹೋಗಿದ್ದಾನೆ ಟೀಚರ್’, ‘ಸುಳ್ಳು, ದಾರೀಲಿ ನೋಡಿದೆ ಟೀಚರ್’. ತೋಟದ ದಾರಿಯಲ್ಲಿ ಬರುವ ಮಕ್ಕಳು ಆನೆಯ ಭಯಕ್ಕೆ ಗುಂಪಾಗಿಯೇ ನಡೆಯುತ್ತಾರೆ. ಆ ಗುಂಪು ಎಲ್ಲರಿಗಿಂತ ಚಿಕ್ಕ ಕಾಲಿನ ವೇಗದಲ್ಲಿ ಸಾಗುತ್ತದೆ. ದೊಡ್ಡವರು ಬೇಗ ತಲುಪಬಹುದಿತ್ತಲ್ಲ ಎಂದು ಅಲ್ಲಿ ಯಾರೂ ವಾದ ಮಾಡುವುದಿಲ್ಲ. ಒಬ್ಬನನ್ನು ಬಿಟ್ಟು ಬಂದರೆ ಅದು ಬೇಗ ತಲುಪಿದ್ದು ಎನಿಸಿಕೊಳ್ಳುವುದಿಲ್ಲ. ಇದನ್ನು ಮಕ್ಕಳಿಗೆ ಯಾರೂ ಕಲಿಸಿದ್ದಲ್ಲ.

ನಿಧಾನವಾಗಿ ನಡೆಯುವುದೂ ಕಣ್ಣು ಕೀಳುವುದೂ ಒಂದೇ ಅಲ್ಲ ಎಂಬುದನ್ನು ನಾನು ಆ ಜುಲೈಯಲ್ಲೇ ಯೋಚಿಸಬಹುದಿತ್ತು. ನಮ್ಮ ಗಡಿಯಾಚೆ ಕೇರಳದಲ್ಲಿ 2020ರ ಜೂನ್ 1ರಂದು ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಪಾಠಗಳು ಶುರುವಾದಾಗ, ಮೊದಲ ಪಾಠಗಳನ್ನು ಪ್ರಯೋಗವೆಂದು ಕರೆದು ಮತ್ತೊಮ್ಮೆ ಪ್ರಸಾರ ಮಾಡಿದರು. ಟಿ.ವಿ. ಇಲ್ಲದ ಮಕ್ಕಳಿಗೆ ಗ್ರಂಥಾಲಯಗಳಂಥ ಕಡೆ ವ್ಯವಸ್ಥೆಯಾಗುವ ತನಕ ಮುಂದಿನ ಪಾಠಕ್ಕೆ ಹೋಗುವುದನ್ನು ತಡೆದರು. ಅಲ್ಲಿಯೂ ಎಲ್ಲರೂ ಸೇರಿದರು ಎಂದಲ್ಲ. ಆದರೆ ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಿದರು. ನಾನು ನೋಡಲಿಲ್ಲ. ಹನ್ನೊಂದು ಜನಕ್ಕೆ ಕಲಿಸಿದ್ದು ನನ್ನ ತಪ್ಪಲ್ಲ. ಹನ್ನೊಂದು ಜನರನ್ನು ‘ಏಳನೇ ಕ್ಲಾಸು’ ಎಂದು ಕರೆದದ್ದು ತಪ್ಪು. ಹೆಸರಿನಲ್ಲೇನಿದೆ ಎನ್ನಬಹುದು. ಹೆಸರು ಇಟ್ಟ ಕೂಡಲೇ ತರಗತಿ ಪೂರ್ತಿ ಇದೆ ಎಂದು ನನ್ನ ಮನಸ್ಸು ಒಪ್ಪಿಕೊಂಡಿತು. ಪೂರ್ತಿ ಇರುವ ಕಡೆ ಯಾರೂ ಯಾರನ್ನೂ ಹುಡುಕುವುದಿಲ್ಲ.

2021ರ ಏಪ್ರಿಲ್‌ನಲ್ಲಿ ಎರಡನೆಯ ಅಲೆ ಬಂದು ಶಾಲೆ ಮತ್ತೆ ಮುಚ್ಚಿತು. ಆ ವರ್ಷ ಉತ್ತರ ಕೊಡಗಿನಲ್ಲಿ ಶಿಕ್ಷಕರೊಬ್ಬರು ನೆಟ್‌ವರ್ಕಿಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದ್ದು ಪತ್ರಿಕೆಗಳಲ್ಲಿ ಬಂತು. ಓದಿ ಕೈ ಮುಗಿದೆ. ಆದರೆ ಫೋನೇ ಇಲ್ಲದ ಮಗು ಯಾವ ಮರ ಹತ್ತಬೇಕು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹೊಸ ಏಳನೆಯ ತರಗತಿಯಲ್ಲಿ 24 ಮಕ್ಕಳು, ಗುಂಪಿನಲ್ಲಿ 13. ಈ ಸಲ ಗುಂಪಿಗೆ ‘ಫೋನ್ ಇರುವವರು’ ಎಂದು ಹೆಸರಿಟ್ಟೆ. ಫೋನಿಲ್ಲದವರಿಗೆ ಪ್ರಶ್ನೆಗಳನ್ನು ಕೈಯಲ್ಲೇ ಬರೆದು ತೋಟದ ಹತ್ತಿರದ ಅಂಗಡಿಯಲ್ಲಿ ಇಟ್ಟುಬರುತ್ತಿದ್ದೆ. ಅದು ಅವರ ಕೈ ಸೇರಿದ ಮೇಲೆಯೇ ಅದೇ ಪಾಠ ಗುಂಪಿಗೂ ಹೋಗುತ್ತಿತ್ತು. ಮತ್ತು ದಿನಾ ಬೆಳಗ್ಗೆ ಧ್ವನಿ ಸಂದೇಶದಲ್ಲಿ ಹಾಜರಿ ಕರೆದೆ, ಇಪ್ಪತ್ನಾಲ್ಕೂ ಹೆಸರುಗಳನ್ನು.

ಮೊದಲ ದಿನ ಮಕ್ಕಳು ನಕ್ಕರು. ಇಲ್ಲದವರ ಹೆಸರು ಯಾಕೆ ಕೂಗುವುದು? ಮೂರನೆಯ ದಿನ ಒಬ್ಬ ತಾನಾಗಿಯೇ ಕಳಿಸಿದ: ‘ಅವನು ಇಲ್ಲ ಟೀಚರ್, ಆದರೆ ನಿನ್ನೆ ಅಂಗಡೀಲಿ ಸಿಕ್ಕಿದ್ದ, ಕಾಲಿಗೆ ಏಟಾಗಿದೆ.’ ವಾರದೊಳಗೆ ಪ್ರತಿ ಹೆಸರಿಗೂ ಯಾರಾದರೂ ಒಬ್ಬರು ಉತ್ತರ ಕೊಡತೊಡಗಿದರು. ಇಲ್ಲದವರ ಸುದ್ದಿ ಇದ್ದವರ ಬಾಯಲ್ಲಿ ಬರತೊಡಗಿತು.

ಇದಕ್ಕೂ ಬೆಲೆ ತೆರಬೇಕಾಯಿತು. ಪಾಠಗಳು ಹಿಂದೆ ಬಿದ್ದವು. ಒಬ್ಬ ತಾಯಿ ಫೋನ್ ಮಾಡಿ, ‘ಬೇಜಾರು ಮಾಡ್ಕೋಬೇಡಿ ಟೀಚರ್, ನಾವು ನೆಟ್ ಹಾಕಿಸೋದು ಮಗ ಕಲೀಲಿ ಅಂತ, ಹೆಸರು ಕೇಳೋಕಲ್ಲ’ ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಅವರ ಮಗ ಆ ವರ್ಷ ಇನ್ನೆರಡು ಅಧ್ಯಾಯ ಹೆಚ್ಚು ಕಲಿಯಬಹುದಿತ್ತು. ಆ ನಷ್ಟ ಅವನಿಗೆ ಆದದ್ದು ನಿಜ, ಅದನ್ನು ನಾನು ತುಂಬಿಕೊಟ್ಟಿಲ್ಲ. ‘ಅವನ ಪಕ್ಕ ಕೂರುವವನೂ ಬರಲಿ ಅಂತ ಅಷ್ಟೇ ಅಮ್ಮ’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ಇಟ್ಟರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

1949ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯ ಮುಂದೆ ಅಂಬೇಡ್ಕರ್ ಅವರು ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳನ್ನು ಒಂದರಿಂದೊಂದು ಬಿಡಿಸಲು ಬರುವುದಿಲ್ಲ ಎಂದಿದ್ದರು. ಆ ಜೂನ್, ಜುಲೈಗಳ ಚರ್ಚೆಯಲ್ಲಿ ಒಂದು ಕಡೆಯವರು ಕಲಿಯುವ ಸ್ವಾತಂತ್ರ್ಯವನ್ನೂ ಇನ್ನೊಂದು ಕಡೆಯವರು ಸಮಾನತೆಯನ್ನೂ ಹಿಡಿದು ಎಳೆದಾಡಿದರು. ಮೂರನೆಯದರ ಮಾತು ನನ್ನ ಕಿವಿಗೆ ಬಿದ್ದದ್ದು ಕಿಟಕಿ ಪಕ್ಕದ ಹುಡುಗಿಯಿಂದ. ಭ್ರಾತೃತ್ವ ಎಂಬ ದೊಡ್ಡ ಪದ ಅವಳಿಗೆ ಗೊತ್ತಿರಲಾರದು. ನಾನು ಇಲ್ಲದಿದ್ದಾಗ ನನ್ನನ್ನು ಯಾರಾದರೂ ಕೇಳಿದರೇ ಎಂಬುದಷ್ಟೇ ಅವಳಿಗೆ ಬೇಕಿತ್ತು.

ಅವಳೀಗ ಶಾಲೆ ಮುಗಿಸಿದ್ದಾಳೆ. ಪೇಟೆಯಲ್ಲಿ ಸಿಕ್ಕಿದರೆ ಮಾತಾಡಿಸುತ್ತಾಳೆ. ಆ ಹುಡುಗ ಮಾತ್ರ ಸಿಕ್ಕಿಲ್ಲ. ಅವನ ವರ್ಷದ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮನೆಗಳು ಖಾಲಿ ಇವೆ. ಆ ತಿಂಗಳುಗಳಲ್ಲಿ ಎಲ್ಲರ ಮನೆಗಳೂ ಖಾಲಿಯೇ. ಅವನದು ಬೇರೆ ಎಂದು ಪುಸ್ತಕ ನೋಡಿದವರಿಗೆ ಗೊತ್ತಾಗುವುದಿಲ್ಲ. ನನಗೆ ಗೊತ್ತು. ಈಗಲೂ ಪ್ರತಿ ಜೂನ್‌ನಲ್ಲಿ ಹೊಸ ಪುಸ್ತಕ ತೆರೆದು ಹೆಸರು ಬರೆಯುವಾಗ ಒಮ್ಮೆ ಜೋರಾಗಿ ಓದಿಕೊಳ್ಳುತ್ತೇನೆ, ಯಾರೂ ಉತ್ತರಿಸಲು ಇಲ್ಲದ ಖಾಲಿ ಕೋಣೆಯಲ್ಲಿ.